ಪಾರ್ಸೆಲ್‌ಗೆ ಹೊರಟ ಭೂಮಣ್ಣಿ ಬುಟ್ಟಿ: ಸಗಣಿ, ಕೆಮ್ಮಣ್ಣು, ಗಂಜಿಯ ಲೆಕ್ಕ

ಹಬ್ಬಕ್ಕೆ ಚಿತ್ತಾರ ಬರೆದ ಬಿದಿರಿನ ಬುಟ್ಟಿ ಒಂದು ಬೆಳಗ್ಗೆ ಬಾಳಿದರೆ ಸಾಕು. ಸೀಗೆ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಅದನ್ನು ಹೊತ್ತು ಗದ್ದೆಗೆ ಹೋಗುತ್ತಾರೆ. ಭೂಮಿಗೆ ಪೂಜೆ ಆಗುತ್ತದೆ, ಅಚ್ಚಂಬಲಿ (ಸೊಪ್ಪು ಬೆರೆಸಿ ಬೇಯಿಸಿದ ಎಡೆ) ಬೀರುತ್ತಾರೆ, ಗದ್ದೆಯಲ್ಲೇ ಕೂತು ಉಣ್ಣುತ್ತಾರೆ. ಆಮೇಲೆ ಬುಟ್ಟಿ ಅಟ್ಟ ಸೇರುತ್ತದೆ. ಚಿತ್ತಾರ ಉದುರಿದರೂ ಯಾರೂ ಕೇಳುವುದಿಲ್ಲ. ಮುಂದಿನ ವರ್ಷ ಮತ್ತೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಹೊಸದಾಗಿ ಬರೆಯುವುದು ಇದ್ದೇ ಇದೆ.

ಮಾರುವ ಬುಟ್ಟಿಗೆ ಈ ಅನುಕೂಲ ಇಲ್ಲ. ಅದು ಸಾಗರದಿಂದ ಪಾರ್ಸೆಲ್‌ನಲ್ಲಿ ಹೋಗಬೇಕು. ದಾರಿಯಲ್ಲಿ ಇನ್ನೊಂದು ಪೆಟ್ಟಿಗೆಯ ಕೆಳಗೆ ಕೂರಬೇಕು. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಟಿವಿ ಪಕ್ಕ ವರ್ಷಗಟ್ಟಲೆ ಇರಬೇಕು. ಅದರಲ್ಲೂ ನಮ್ಮದು ಸಹಾಯಕ್ಕೆ ಅಂತ ಮಾರುವ ಬುಟ್ಟಿ. ಒಳ್ಳೆಯ ಕೆಲಸಕ್ಕೆ ಅಂದರೆ ಜನ ಜಾಸ್ತಿ ಯೋಚನೆ ಮಾಡದೆ ದುಡ್ಡು ಕೊಡುತ್ತಾರೆ. ಹಾಗಂತ ಮುಟ್ಟಿದರೆ ಉದುರುವ ವಸ್ತುವನ್ನು ಕಟ್ಟಿ ಕಳಿಸಬಹುದಾ? ನನಗೆ ಅದು ಸರಿ ಕಾಣಲಿಲ್ಲ. ಹಾಗಾಗಿ ಈ ವರ್ಷ ಬುಟ್ಟಿಯ ಪ್ರತಿ ಪದರವನ್ನೂ ಬಿಚ್ಚಿ ನೋಡಿದೆವು. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು ಅಂತ ಒಂದೊಂದಾಗಿ ತೀರ್ಮಾನ ಮಾಡಿದೆವು. ಅದರ ಟಿಪ್ಪಣಿ ಇದು. ಮನೆಯಲ್ಲಿ ಮಾಡಿ ನೋಡುವವರಿಗೆ ಉಪಯೋಗ ಆಗಬಹುದು.

ದುಡ್ಡು ಯಾವುದಕ್ಕೆ ಅಂತಲೂ ಹೇಳಿಬಿಡುತ್ತೇನೆ. ನಮ್ಮ ಸುತ್ತಿನ ಹಳ್ಳಿಗಳಿಂದ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ. ಕೆಲವರಿಗೆ ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ. 2016ರಲ್ಲಿ ಶುರುವಾದ ಕೇಂದ್ರದ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಚಿಕಿತ್ಸೆ ಉಚಿತ. ಆದರೆ ಹೋಗಿ ಬರುವ ಖರ್ಚು ಅವರದ್ದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ. ಅಲ್ಲಿ ಅದು ನಡೆಯುವುದಿಲ್ಲ. ಗಂಡಸರಿಗಂತೂ ಎರಡರಲ್ಲೂ ಟಿಕೆಟ್ ಬೇಕು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಇಳಿದವರು ಬಸ್‌ಸ್ಟಾಪಿನಿಂದ ಮನೆವರೆಗೆ ಏರು ಹತ್ತಿ ನಡೆಯಲು ಆಗುವುದಿಲ್ಲ, ಆಟೋ ಬೇಕು. ಬುಟ್ಟಿಯ ದುಡ್ಡು ಹೋಗುವುದು ಈ ಬಸ್ಸಿಗೆ, ಈ ಆಟೋಗೆ.

ಹಬ್ಬದ್ದು ಬೇರೆ, ಮಾರಾಟದ್ದು ಬೇರೆ

ನಾವು ದೀವರು. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದು, ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವುದು ನಮ್ಮ ಹೆಂಗಸರ ಕೆಲಸ. ಸಾಗರ, ಸೊರಬದ ಕಡೆ ಓಡಾಡಿದವರು ನೋಡಿರುತ್ತೀರಿ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಕೊಡಬೇಕಲ್ಲ, ಆ ಊಟ ಹೊತ್ತು ಹೋಗುವುದಕ್ಕೆ ಈ ಬುಟ್ಟಿ. ದೊಡ್ಡದು ಭೂಮಣ್ಣಿ ಬುಟ್ಟಿ. ಜೊತೆಗೆ ಒಂದು ಚಿಕ್ಕದು, ಗದ್ದೆಗೆ ಬೀರುವ ಅಚ್ಚಂಬಲಿಗೆ.

ಮಾರುವ ಮಾತು ಎತ್ತಿದಾಗ ಅತ್ತೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಗದ್ದೆಗೆ ಹೋಗಿಬಂದ ಬುಟ್ಟಿ ಮಾರ್ತೀಯಾ?"

ಇಲ್ಲ ಅಂದೆ.

"ಹಾಗಾದ್ರೆ ಸರಿ. ಹಬ್ಬದ್ದು ಹಬ್ಬಕ್ಕೇ ಇರ್ಲಿ. ಮಾರೋದಕ್ಕೆ ಬೇರೆ ಬುಟ್ಟಿ ತಗೋ. ಬಾಸಿಂಗ ಮಾತ್ರ ಬರೀಬೇಡ, ಅದು ಮದುಮಕ್ಕಳದ್ದು."

ಇದೇ ನಮ್ಮ ಗಡಿ. ಬಾಸಿಂಗ, ಮದುಮಕ್ಕಳ ಗೊಂಬೆ ಎರಡೂ ಹಸೆಗೋಡೆಗೆ ಸೇರಿದವು. ಅವುಗಳಿಗೆ ಒಂದು ಮನೆ, ಒಂದು ಮದುವೆ ಬೇಕು. ಮಾರುವ ಬುಟ್ಟಿಗೆ ಎಳೆ (ಗೆರೆ), ಜಡೆಯಂತೆ ಹೆಣೆದುಕೊಂಡ ಜೋಗಿಜಡೆ, ಭತ್ತದ ಸಸಿ, ತೆನೆ, ಹಕ್ಕಿ ಸಾಕು. ಎಲ್ಲ ಮನೆಯಲ್ಲೂ ಹೀಗೇ ಅಂತ ಹೇಳುತ್ತಿಲ್ಲ, ನಮ್ಮನೆಯ ಮಟ್ಟಿಗೆ ಹೀಗೆ.

ಬುಟ್ಟಿ

ಬುಟ್ಟಿಯನ್ನು ಮೇದಾರರ ಹತ್ತಿರ ಹೇಳಿ ಮಾಡಿಸುತ್ತೇವೆ. ಸಂತೆಯಲ್ಲಿ ಸಿಗುವ ಬುಟ್ಟಿ ನೋಡಲು ಚಂದ, ಆದರೆ ಅದರ ಹೊರಮೈಗೆ ಬಿದಿರಿನ ಸಿಪ್ಪೆ ಬಂದಿರುತ್ತದೆ. ಸಿಪ್ಪೆ ನುಣುಪು, ಅದರಲ್ಲಿ ಮೇಣದ ಅಂಶ ಇರುತ್ತದೆ, ಮಣ್ಣು ಹಿಡಿಯುವುದಿಲ್ಲ. ಒಣಗುವಾಗ ಹಪ್ಪಳೆ ಎದ್ದು ಬೀಳುತ್ತದೆ. ಹಾಗಾಗಿ ಸಿಪ್ಪೆ ಒಳಗೆ ಬರುವಂತೆ, ಒರಟು ಮೈ ಹೊರಗೆ ಬರುವಂತೆ ಹೆಣೆದುಕೊಡಿ ಅಂತ ಕೇಳಿಕೊಂಡೆವು. ಮೇದಾರ ಅಜ್ಜ ನಕ್ಕರು. "ಉಲ್ಟಾ ಬುಟ್ಟಿ ಕೇಳೋರು ನೀವೇ ಮೊದಲು ಕಣಮ್ಮ" ಅಂದರು. ಆದರೆ ಹೆಣೆದುಕೊಟ್ಟರು. ಹಾಗೆ ಹೆಣೆದದ್ದು ಸಿಗದಿದ್ದರೆ 80 ನಂಬರಿನ ಉಜ್ಜುಕಾಗದದಲ್ಲಿ ಹೊರಮೈಯ ಹೊಳಪು ಹೋಗುವವರೆಗೆ ಉಜ್ಜಿದರೂ ಆಗುತ್ತದೆ. ತೋಳು ನೋಯುತ್ತದೆ ಅಷ್ಟೇ.

ಬಿದಿರಿನ ದೊಡ್ಡ ಶತ್ರು ಕುಟ್ಟೆ ಹುಳ. ಬಿದಿರಿನಲ್ಲಿ ಇರುವ ಪಿಷ್ಟ ಅದಕ್ಕೆ ಊಟ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ದಿನ ಬುಟ್ಟಿಯ ಕೆಳಗೆ ಹಳದಿ ಹಿಟ್ಟು ಬಿದ್ದಿರುತ್ತದೆ. ಮನೆಯಲ್ಲಿಟ್ಟ ಬುಟ್ಟಿ ಉಳಿಯುವುದು ಅಡುಗೆಮನೆಯ ಹೊಗೆಯಿಂದ. ಬೆಂಗಳೂರಿನಲ್ಲಿ ಹೊಗೆ ಎಲ್ಲಿಂದ ತರುವುದು? ಅದಕ್ಕೆ ಎರಡು ಕೆಲಸ ಮಾಡಿದೆವು. ಮೊದಲು, ಬಿದಿರನ್ನು ಸೀಳುವ ಮುಂಚೆ ಹಳ್ಳದ ಹರಿಯುವ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟೆವು. ಕೆಲವು ವಾರ ಹಾಗೆ ಇಟ್ಟರೆ ಪಿಷ್ಟ, ಸಕ್ಕರೆ ನೀರಿಗೆ ಬಿಡುತ್ತದೆ. ನಾರುತ್ತದೆ, ಮೂಗು ಮುಚ್ಚಿಕೊಳ್ಳಿ. ಎರಡನೆಯದು, ಹೆಣೆದ ಬುಟ್ಟಿಯನ್ನು ಬಿಳಿಗಾರದ (ಬೋರಾಕ್ಸ್) ನೀರಿನಲ್ಲಿ ಅದ್ದುವುದು. ಒಂದು ಲೀಟರ್ ನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಆ್ಯಸಿಡ್ ಪುಡಿ. ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಒಂದು ರಾತ್ರಿ ಮುಳುಗಿಸಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಅಂಚು ಸೀಳುತ್ತದೆ. ಈ ಮದ್ದು ನೀರಲ್ಲಿ ಮತ್ತೆ ಬಿಟ್ಟುಕೊಳ್ಳುವಂಥದ್ದು. ಆದ್ದರಿಂದ ಬುಟ್ಟಿಯನ್ನು ತೊಳೆಯುವ ಹಾಗಿಲ್ಲ, ಅದರಲ್ಲಿ ಅನ್ನ, ತರಕಾರಿ ಇಡುವ ಹಾಗೂ ಇಲ್ಲ. ಇದನ್ನು ಬುಟ್ಟಿಯ ಜೊತೆ ಇಡುವ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕುತ್ತೇವೆ.

ಬಿದಿರು ಸಿಗುವುದೂ ಮೊದಲಿನ ಹಾಗಿಲ್ಲ. ಹೆಬ್ಬಿದಿರು ನಲವತ್ತು ಚಿಲ್ಲರೆ ವರ್ಷಕ್ಕೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಸತ್ತುಹೋಗುತ್ತದೆ. ಬೀಜದಿಂದ ಎದ್ದ ಹೊಸ ಮೆಳೆ ಬುಟ್ಟಿಗೆ ಬರುವಷ್ಟು ಬಲಿಯಲು ವರ್ಷಗಳೇ ಬೇಕು. ಬುಟ್ಟಿ ಯಾಕಿಷ್ಟು ದುಬಾರಿ ಅಂತ ಮೇದಾರರ ಹತ್ತಿರ ಚೌಕಾಸಿ ಮಾಡುವವರಿಗೆ ಇದು ಗೊತ್ತಿರಲಿ.

ಸಗಣಿ ಪದರ

ಸಗಣಿ ಬೇಡ ಅಂದವರಿದ್ದರು. "ಸಿಟಿಯವರು ಮೂಗು ಮುರೀತಾರೆ, ಪೇಪರ್ ಅಂಟಿಸಿ ಅದರ ಮೇಲೆ ಬಣ್ಣ ಹೊಡಿ" ಅಂತ ಸಲಹೆ ಬಂತು. ಕಾಗದ ಅಂಟಿಸಿಯೂ ನೋಡಿದೆವು. ಹೆಣಿಗೆಯ ಏರಿಳಿತ ಪೂರ್ತಿ ಮುಚ್ಚಿಹೋಗಿ ಡಬ್ಬದ ಹಾಗೆ ಕಂಡಿತು. ಸಗಣಿ ಬಿದಿರಿನ ಸಂದು ತುಂಬುತ್ತದೆ, ಆದರೆ ಹೆಣಿಗೆಯ ಆಕಾರ ಉಳಿಸುತ್ತದೆ. ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಬಿರುಕು. ಸಗಣಿಯಲ್ಲಿರುವ ಹುಲ್ಲಿನ ಸಣ್ಣ ನಾರು ಆ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಸರಿಯಾಗಿ ಒಣಗಿದ ಸಗಣಿಗೆ ವಾಸನೆ ಇಲ್ಲ. ವಾಸನೆ ಬಂತು ಅಂದರೆ ಒಳಗೆ ಇನ್ನೂ ಹಸಿ ಇದೆ ಅಂತ ಅರ್ಥ, ಆ ಬುಟ್ಟಿ ಪ್ಯಾಕ್ ಮಾಡಬಾರದು.

ಬದಲಾಯಿಸಿದ್ದು ಅಂಟು ಮಾತ್ರ. ಹಬ್ಬದ ಬುಟ್ಟಿಗೆ ಸಗಣಿ ಮತ್ತು ಮಣ್ಣು ಅಷ್ಟೇ. ಮಾರುವ ಬುಟ್ಟಿಗೆ ಹುಣಸೆ ಬೀಜದ ಅಂಟು ಸೇರಿಸಿದೆವು. ಇದೇನು ಹೊಸ ವಿದ್ಯೆ ಅಲ್ಲ, ಕೊಪ್ಪಳದ ಕಿನ್ನಾಳದ ಗೊಂಬೆಯವರು ಬಳಸುವುದು ಇದನ್ನೇ. ಬೀಜ ಹುರಿದು ಸಿಪ್ಪೆ ತೆಗೆಯಬೇಕು. ರಾತ್ರಿ ನೆನೆಹಾಕಿ, ಬೆಳಗ್ಗೆ ನುಣ್ಣಗೆ ರುಬ್ಬಿ, ನೀರು ಹಾಕಿ ಕುದಿಸಬೇಕು. ಕೈ ಬಿಡದೆ ತಿರುವಬೇಕು, ಇಲ್ಲಾಂದ್ರೆ ತಳ ಹತ್ತುತ್ತದೆ. ಲೋಳೆಯ ಹಾಗೆ ಬಂದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿದರೆ ಆಯಿತು. ನಾಲ್ಕು ಪಾಲು ಸಗಣಿ ಮಣ್ಣಿನ ಕಲಸಿಗೆ ಒಂದು ಪಾಲು ಅಂಟು ಸಾಕು. ಜಾಸ್ತಿ ಹಾಕಿದರೆ ಮೇಲ್ಮೈ ಗಾಜಿನಂತೆ ಗಟ್ಟಿಯಾಗಿ, ಮೇಲೆ ಬರೆದ ಎಳೆ ಹೀರಿಕೊಳ್ಳದೆ ಜಾರುತ್ತದೆ.

ಈ ಅಂಟು ಹುಳಕ್ಕೆ, ಜಿರಳೆಗೆ ಇಷ್ಟ. ಪುಸ್ತಕಕ್ಕೆ ರಟ್ಟು ಕಟ್ಟುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಾರೆ. ನಮ್ಮ ಕಡೆ ಮೈಲುತುತ್ತ ಇಲ್ಲದ ಮನೆ ಉಂಟಾ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸುತ್ತಾರೆ, ಉಳಿದದ್ದು ಮೂಲೆಯಲ್ಲಿ ಬಿದ್ದಿರುತ್ತದೆ. ಕೈಗೆ ಸಿಗುತ್ತದೆ ಅಂತ ಬುಟ್ಟಿಗೆ ಹಾಕುವ ಮನಸ್ಸಾಗಲಿಲ್ಲ. ಅದು ವಿಷ. ಬುಟ್ಟಿ ಅಂದಮೇಲೆ ಮಕ್ಕಳು ಕೈ ಹಾಕುತ್ತಾರೆ, ಯಾರೋ ಒಬ್ಬರು ಹಣ್ಣು ಇಟ್ಟೇ ಇಡುತ್ತಾರೆ. ಗೋಡೆಗೆ ನೇತುಹಾಕುವ ಹಲಗೆಗೆ ಮಾತ್ರ ಮೈಲುತುತ್ತ, ಬುಟ್ಟಿಗೆ ಅಡಿಕೆ ಚೊಗರು. ಅಡಿಕೆ ಬೇಯಿಸಿದ ಚೊಗರನ್ನು ನೀರು ಬೆರೆಸಿ, ಬರಿ ಬುಟ್ಟಿಯ ಒಳಗೂ ಹೊರಗೂ ಮೊದಲ ಕೈ ಹೊಡೆದೆವು. ಒಗರು ಹುಳಕ್ಕೆ ಆಗಿಬರುವುದಿಲ್ಲ. ಒಳಮೈಗೆ ಚಂದದ ಕಂದು ಬಣ್ಣವೂ ಬಂತು. ಹೆಗ್ಗೋಡಿನ ಚರಕ ಕೈಮಗ್ಗದವರು ಬಟ್ಟೆಗೆ ಹಾಕುವ ಬಣ್ಣ ಇದೇ ತಾನೇ.

ಕೆಂಪು, ಬಿಳಿ, ಕಪ್ಪು

ಕೆಮ್ಮಣ್ಣಿಗೆ ನಮ್ಮಲ್ಲಿ ಬರವಿಲ್ಲ, ಧರೆ ಕೆರೆದರೆ ಸಿಗುತ್ತದೆ. ಆದರೆ ನೇರ ಬಳಿದರೆ ಮರಳು ಕಾಣುತ್ತದೆ. ಬಕೆಟ್ಟಿನಲ್ಲಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಮರಳು ಮೊದಲ ಬಕೆಟ್ಟಿನ ತಳದಲ್ಲೇ ಉಳಿಯುತ್ತದೆ. ಎರಡನೇ ಪಾತ್ರೆಯ ತಳಕ್ಕೆ ರಾತ್ರಿ ಕಳೆದು ಇಳಿದಿರುವುದು ಬೆಣ್ಣೆ ಮಣ್ಣು, ಅದೇ ಬೇಕಾದದ್ದು. ಈ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೆ ಮಾಸುವುದಿಲ್ಲ. ತೆಳ್ಳಗೆ ಎರಡು ಕೈ ಹಚ್ಚಿ. ದಪ್ಪಗೆ ಒಂದೇ ಕೈ ಹಚ್ಚಿದರೆ ಬಿರುಕು ಖಾತ್ರಿ.

ಬಿಳಿ ಬಣ್ಣವೇ ಜಾಸ್ತಿ ಸತಾಯಿಸಿದ್ದು. ಅಕ್ಕಿ ನೆನೆಸಿ, ಒರಳಲ್ಲಿ ನುಣ್ಣಗೆ ರುಬ್ಬಿ ಬರೆಯುವುದು ನಮ್ಮ ಕ್ರಮ. ಬರೆಯುವಾಗ ಎಳೆ ಸರಿಯಾಗಿ ಕಾಣುವುದೇ ಇಲ್ಲ, ನೀರಿನ ಗೆರೆಯ ಹಾಗಿರುತ್ತದೆ. ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಹೊಸಬರು ಕಾಣಲಿಲ್ಲ ಅಂತ ಅದೇ ಎಳೆಯ ಮೇಲೆ ಮತ್ತೆ ಬರೆಯುತ್ತಾರೆ, ಒಣಗಿದಾಗ ಹಗ್ಗದಷ್ಟು ದಪ್ಪ ಆಗಿರುತ್ತದೆ. ಆದರೆ ತೊಡಕು ಅದಲ್ಲ. ಹಸಿ ಅಕ್ಕಿಹಿಟ್ಟಿಗೆ ಅಂಟು ಗುಣ ಕಡಿಮೆ. ಹೆಬ್ಬೆರಳಿಂದ ಉಜ್ಜಿದರೆ ಪುಡಿ ಬರುತ್ತದೆ. ಪಾರ್ಸೆಲ್‌ನಲ್ಲಿ ಅಲುಗಿ ಅಲುಗಿ ಅರ್ಧ ಚಿತ್ತಾರ ಪೆಟ್ಟಿಗೆಯ ತಳದಲ್ಲಿರುತ್ತದೆ.

ಮೊದಲು ಬಂದ ಯೋಚನೆ, ಎಲ್ಲರಿಗೂ ಬರುವಂಥದ್ದೇ, ಮೇಲೆ ವಾರ್ನಿಶ್ ಹೊಡೆಯುವುದು. ಒಂದು ಹಳೆ ತಟ್ಟಿಯ ತುಂಡಿಗೆ ಎಳೆ ಬರೆದು ಹೊಡೆದು ನೋಡಿದೆವು. ಬಿಳಿ ಮಾಯ! ಕೆಮ್ಮಣ್ಣು ಮಾತ್ರ ಒದ್ದೆಯಾದಂತೆ ಗಾಢವಾಯಿತು. ಕಾರಣ ಸರಳ. ಅಕ್ಕಿಹಿಟ್ಟು ಬೆಳ್ಳಗೆ ಕಾಣುವುದು ಅದರ ಕಣಗಳ ನಡುವೆ ಗಾಳಿ ಇರುವುದರಿಂದ. ಆ ಜಾಗಕ್ಕೆ ಎಣ್ಣೆಯೋ ರಾಳವೋ ತುಂಬಿಕೊಂಡರೆ ಬೆಳಕು ಒಳಗೆ ಹಾದುಹೋಗುತ್ತದೆ, ಬಿಳಿ ಸತ್ತುಹೋಗುತ್ತದೆ. ಅರಗಿನ ಪಾಲಿಶ್ ಹೊಡೆದರೂ ಇದೇ ಕಥೆ.

ಎರಡನೇ ಸಲಹೆ ಅಕ್ರಿಲಿಕ್. "ಒಂದು ಡಬ್ಬಿ ಬಿಳಿ ತಗೊಂಡ್ರೆ ಎಲ್ಲಾ ಬುಟ್ಟಿನೂ ಮುಗಿಯುತ್ತಲ್ವಾ?" ಮುಗಿಯುತ್ತದೆ, ಹೌದು. ಆದರೆ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೇಲಿನದು ಗಟ್ಟಿ, ಕೆಳಗಿನದು ಮೆದು. ಒಂದೆರಡು ಮಳೆಗಾಲದಲ್ಲಿ ಗಾರೆ ತನ್ನ ಜೊತೆ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಅಕ್ರಿಲಿಕ್ ಎಳೆಯೂ ಹಾಗೆಯೇ, ಅದರ ಪೊರೆ ಕುಗ್ಗುವಾಗ ಕೆಮ್ಮಣ್ಣನ್ನು ಎಬ್ಬಿಸುತ್ತದೆ. ಇನ್ನೊಂದು, ಅದು ಉದುರಿದ ಮೇಲೆ ಆ ಜಾಗದಲ್ಲಿ ಅಕ್ಕಿಹಿಟ್ಟಿನಿಂದ ತಿದ್ದಲು ಬರುವುದಿಲ್ಲ. ನನಗೆ ಇದೇ ಮುಖ್ಯ ಕಾರಣ. ವರ್ಷ ವರ್ಷ ಮತ್ತೆ ಬರೆಯುವ ವಸ್ತುವಿಗೆ, ಮತ್ತೆ ಬರೆಯಲಾಗದ ಬಣ್ಣ ಹಾಕುವುದು ಯಾವ ಬುದ್ಧಿವಂತಿಕೆ?

ಸುಣ್ಣ ಹಾಕಿ ಅಂದವರೂ ಉಂಟು. ಮಜ್ಜಿಗೆ ಬೆರೆಸಿದ ಸುಣ್ಣ ಗಟ್ಟಿಯಾಗಿ ಕೂರುತ್ತದೆ, ನಿಜವಾಗಿ ಒಳ್ಳೆಯ ಬಣ್ಣ. ಆದರೆ ನಮ್ಮ ಹಳದಿ ಎಳೆಯಲ್ಲಿ ಅರಿಶಿನ ಇತ್ತು. ಸುಣ್ಣ ತಾಗಿದ ಕಡೆಯೆಲ್ಲ ಹಳದಿ ಹೋಗಿ ಕೆಂಪಾಯಿತು. ಆರತಿಯ ಓಕುಳಿ ನೀರು ಮಾಡುವುದೇ ಹಾಗಲ್ವಾ? ಅರಿಶಿನ ಬೆಳಕಿಗೂ ಬೇಗ ಮಾಸುತ್ತದೆ, ಕಿಟಕಿ ಪಕ್ಕ ಇಟ್ಟ ಬುಟ್ಟಿಯಲ್ಲಿ ಹಳದಿ ಹೆಸರಿಗೆ ಮಾತ್ರ ಉಳಿಯುತ್ತದೆ. ಹಳೆಯವರು ಹಳದಿಗೆ ಗುರಿಗೆ ಕಾಯಿ ಬಳಸುತ್ತಿದ್ದರು. ಈಗ ಅದನ್ನು ಹುಡುಕಿ ತರುವುದೇ ದೊಡ್ಡ ಕೆಲಸ. ಸಿಕ್ಕಷ್ಟನ್ನು ಹಬ್ಬದ ಬುಟ್ಟಿಗೆ ಇಟ್ಟುಕೊಂಡು, ಮಾರುವ ಬುಟ್ಟಿಯಿಂದ ಹಳದಿಯನ್ನೇ ಕೈಬಿಟ್ಟೆವು. ಕೆಂಪು, ಬಿಳಿ, ಕಪ್ಪು ಮೂರೇ. ನೋಡಲು ಇನ್ನೂ ಚಂದ ಅಂತ ನನ್ನ ಅಭಿಪ್ರಾಯ. ಅತ್ತೆಗೆ ಒಪ್ಪಿಗೆ ಇಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಒಲೆ ಮೇಲಿನ ಗಂಜಿ. ಅಕ್ಕಿಯ ಪಿಷ್ಟ ಸುಮಾರು 70 ಡಿಗ್ರಿ ಬಿಸಿಗೆ ಬಿರಿದು ಅಂಟಾಗುತ್ತದೆ. ಹಾಗಾಗಿ ರುಬ್ಬಿದ ಹಿಟ್ಟಿನಲ್ಲಿ ಕಾಲು ಪಾಲು ತೆಗೆದು, ನೀರು ಬೆರೆಸಿ ಗಂಜಿ ಕಾಯಿಸಿ, ಆರಿದ ಮೇಲೆ ಉಳಿದ ಹಸಿ ಹಿಟ್ಟಿಗೆ ಕಲಸುವುದು. ಹಸಿ ಹಿಟ್ಟು ಬಿಳಿ ಕೊಡುತ್ತದೆ, ಬೆಂದ ಹಿಟ್ಟು ಹಿಡಿತ ಕೊಡುತ್ತದೆ. ಹೊರಗಿನ ವಸ್ತು ಏನೂ ಸೇರಲಿಲ್ಲ. ಉಜ್ಜಿದರೆ ಬೆರಳಿಗೆ ಸ್ವಲ್ಪವೂ ಬರುವುದಿಲ್ಲ ಅಂತ ಹೇಳಲಾರೆ, ಆದರೆ ಪಾರ್ಸೆಲ್ ತಡೆಯುತ್ತದೆ. ಗಂಜಿ ಅರ್ಧಕ್ಕಿಂತ ಜಾಸ್ತಿ ಆದರೆ ಬಿಳಿ ಮಂಕಾಗುತ್ತದೆ, ಎಳೆ ಒಣಗುವಾಗ ಸಣ್ಣದಾಗಿ ಸೀಳುತ್ತದೆ. ಆಯಾ ದಿನದ್ದು ಆಯಾ ದಿನವೇ ಮುಗಿಸಬೇಕು, ಹುಳಿ ಬಂದದ್ದನ್ನು ಬಳಸಬಾರದು.

ಕಪ್ಪಿಗೆ ಅಕ್ಕಿಯನ್ನು ಕರಿಕಾಗುವವರೆಗೆ ಹುರಿದು, ನೀರಲ್ಲಿ ಕುದಿಸಿ ಅರೆಯುವುದು. ಇದು ಹಳೇ ಕ್ರಮ, ಬದಲಾಯಿಸುವ ಅಗತ್ಯ ಬರಲಿಲ್ಲ. ಚೊಗರಿಗೆ ತುಕ್ಕು ಹಿಡಿದ ಮೊಳೆ ನೆನೆಸಿದ ಹುಳಿನೀರು ಹಾಕಿದರೂ ಒಳ್ಳೆ ಕಪ್ಪು ಬರುತ್ತದೆ. ಒಗರೂ ಕಬ್ಬಿಣವೂ ಸೇರಿದಾಗ ಆಗುವ ಬಣ್ಣ ಅದು. ಆದರೆ ಅದು ಕೆಮ್ಮಣ್ಣಿನ ಮೇಲೆ ಹರಡಿ ಅಂಚು ಕಲೆಸಿತು. ಬಿಟ್ಟೆವು.

ಬರೆಯುವುದು

ಬ್ರಷ್ಷು ಪುಂಡಿನಾರು. ಬಯಲುಸೀಮೆಯವರು ಪುಂಡಿಯನ್ನು ಪಲ್ಲೆ ಮಾಡಿ ತಿನ್ನುತ್ತಾರೆ, ನಾವು ಕಾಂಡ ಕೊಳೆಹಾಕಿ ನಾರು ತೆಗೆಯುತ್ತೇವೆ. ಒಣಗಿದ ನಾರಿನ ಸಣ್ಣ ಕಟ್ಟು, ತುದಿಯನ್ನು ಸ್ವಲ್ಪ ಜಜ್ಜಿದರೆ ಸಾಕು. ಅಂಗಡಿಯ ಬ್ರಷ್ಷು ಬಣ್ಣವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒತ್ತಿದಂತೆ ದಪ್ಪ ಸಣ್ಣ ಮಾಡುತ್ತದೆ. ನಾರು ಹಾಗಲ್ಲ. ಅದನ್ನು ಮೇಲ್ಮೈಗೆ ಮಲಗಿಸಿ ಎಳೆಯುತ್ತಾರೆ, ಶುರುವಿನಿಂದ ಕೊನೆವರೆಗೆ ಒಂದೇ ದಪ್ಪ. ಚಿತ್ತಾರದ ಅಂದ ಇರುವುದೇ ಆ ಎಳೆಯ ಹದದಲ್ಲಿ. ನಾರು ಒಂದೆಳೆಗೆ ಸಣ್ಣದು ಬೇಕು, ಅಂಚಿನ ಪಟ್ಟಿಗೆ ದಪ್ಪದ್ದು.

ಗೋಡೆಗೆ ಬರೆದು ಅಭ್ಯಾಸ ಇದ್ದವರಿಗೂ ಬುಟ್ಟಿ ಕಷ್ಟ. ಗೋಡೆ ಚಪ್ಪಟೆ, ಬುಟ್ಟಿ ದುಂಡಗೆ, ಅದೂ ಬಾಯಿ ಅಗಲ, ಬುಡ ಸಣ್ಣ. ಭತ್ತದ ಸಸಿಯ ಸಾಲು ಶುರುಮಾಡಿ ಸುತ್ತಿ ಬಂದರೆ ಕೊನೆಯಲ್ಲಿ ಅರ್ಧ ಸಸಿಯ ಜಾಗ ಉಳಿದಿರುತ್ತದೆ. ಇದಕ್ಕೆ ಅತ್ತೆಯ ಉಪಾಯ ದಾರ. ಬುಟ್ಟಿಯ ಬಾಯಿಗೆ ದಾರ ಸುತ್ತಿ ಅಳತೆ ತೆಗೆದು, ಆ ದಾರವನ್ನು ಎರಡು ಮಡಿಸಿ, ನಾಲ್ಕು, ಎಂಟು, ಹದಿನಾರು. ಪ್ರತಿ ಮಡಿಕೆಗೆ ಇದ್ದಿಲಿನ ಗುರುತು. ದಾರ ಮತ್ತೆ ಬುಟ್ಟಿಗೆ ಸುತ್ತಿದರೆ ಹದಿನಾರು ಸಮ ಭಾಗ ಸಿಕ್ಕಿತು. ಬುಡಕ್ಕೂ ಇನ್ನೊಂದು ದಾರದಲ್ಲಿ ಹಾಗೆಯೇ ಮಾಡಿ, ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಎಳೆ ಇಳಿಸಬೇಕು. ಸ್ಕೇಲು, ಕೋನಮಾಪಕ ಯಾವುದೂ ಬೇಡ.

ಎಳೆ ಎಳೆಯುವಾಗ ಕೈ ಓಡಬಾರದು, ಬುಟ್ಟಿ ತಿರುಗಬೇಕು. ಎಡಗೈಯಲ್ಲಿ ತೊಡೆಯ ಮೇಲೆ ಬುಟ್ಟಿ ತಿರುಗಿಸುತ್ತಾ, ಬಲಗೈಯನ್ನು ಒಂದೇ ಕಡೆ ಇಟ್ಟರೆ ಅಂಚಿನ ಎಳೆ ಕೂಡುವ ಜಾಗ ಗೊತ್ತೇ ಆಗುವುದಿಲ್ಲ. ಮೊದಲು ಬಾಯಿಯ ಅಂಚು, ಆಮೇಲೆ ಬುಡದ ಅಂಚು, ನಂತರ ಹೊಟ್ಟೆಯ ಜೋಗಿಜಡೆ. ಸಸಿ, ತೆನೆ, ಹಕ್ಕಿ ಎಲ್ಲಕ್ಕಿಂತ ಕೊನೆಗೆ. ಹಕ್ಕಿ ಎಲ್ಲಿ ಕೂರಬೇಕು ಅಂತ ಲೆಕ್ಕ ಇಲ್ಲ, ಬರೆಯುವವರ ಇಷ್ಟ. ಒಬ್ಬೊಬ್ಬರ ಹಕ್ಕಿ ಒಂದೊಂದು ಥರ. ಪಕ್ಕದ ಮನೆ ಅಕ್ಕನ ಹಕ್ಕಿಗೆ ಯಾವಾಗಲೂ ಹೊಟ್ಟೆ ದಪ್ಪ, ದೂರದಿಂದಲೇ ಗುರುತು ಸಿಗುತ್ತದೆ.

ಕೇಳಿಬಂದ ಬೇಡಿಕೆಗಳ ಬಗ್ಗೆ ಎರಡು ಮಾತು. ಒಬ್ಬರು ಒಟ್ಟಿಗೆ ತುಂಬಾ ಬುಟ್ಟಿ ಕೊಳ್ಳುತ್ತೇವೆ, ಜೋಗಿಜಡೆಯ ಜಾಗದಲ್ಲಿ ನಮ್ಮ ಕಂಪನಿಯ ಲೋಗೋ ಬರೆದುಕೊಡಿ ಅಂದರು. ದುಡ್ಡು ದೊಡ್ಡದೇ ಇತ್ತು, ಎಷ್ಟೋ ಆಟೋ ಬಾಡಿಗೆ ಆಗುತ್ತಿತ್ತು. ಮನೆಯಲ್ಲಿ ಚರ್ಚೆಯೂ ಜೋರಾಗಿಯೇ ಆಯಿತು. ಕೊನೆಗೆ ಲೋಗೋವನ್ನು ಜೊತೆಗಿಡುವ ಚೀಟಿಯಲ್ಲಿ ಹಾಕುತ್ತೇವೆ, ಬುಟ್ಟಿಯ ಮೇಲೆ ಆಗುವುದಿಲ್ಲ ಅಂದೆವು. ಅವರು ಒಪ್ಪಿದರು, ಆದರೆ ಕೇಳಿದ್ದಕ್ಕಿಂತ ಕಡಿಮೆ ತಗೊಂಡರು. ಇನ್ನೊಬ್ಬರು ಮೊಮ್ಮಗಳ ಹೆಸರು ಬರೆಯಿರಿ ಅಂದರು. ಅದನ್ನು ಬುಡದ ಕೆಳಗೆ ಬರೆದುಕೊಟ್ಟೆವು, ಅದರಲ್ಲಿ ತಪ್ಪೇನಿಲ್ಲ.

ಒಣಗಿಸುವುದು, ಕಟ್ಟುವುದು

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಮಾತು ಬಿಡಿ, ನಮ್ಮ ಕಡೆಯೇ ಆಷಾಢದಲ್ಲಿ ಉಪ್ಪು ನೀರಾಗುತ್ತದೆ. ಆ ಗಾಳಿಗೆ ಸಗಣಿ ಪದರ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಶಿವರಾತ್ರಿಯಿಂದ ಮೊದಲ ಮಳೆವರೆಗೆ ಒಳ್ಳೆಯ ಕಾಲ. ಅಡಿಕೆ ಒಣಗಿಸಿ ಖಾಲಿಯಾದ ಅಂಗಳದ ಚಪ್ಪರ ಇರುತ್ತದೆ, ಅದರ ಕೆಳಗಿನ ನೆರಳಲ್ಲಿ ತಟ್ಟಿಯ ಮೇಲೆ ಬುಟ್ಟಿ ಕವುಚಿಟ್ಟರೆ ಎಲ್ಲ ಕಡೆ ಗಾಳಿ ಆಡುತ್ತದೆ. ಒಳಗೆ ಒಣಗಿದೆಯಾ ಅಂತ ನೋಡಲು ಬುಟ್ಟಿಗೆ ಬೆರಳಿನ ಗೆಣ್ಣಿನಿಂದ ತಟ್ಟಬೇಕು. ಹಸಿ ಇದ್ದರೆ ಶಬ್ದ ಮಂದ, ಒಣಗಿದ್ದರೆ ಟಣ್ ಅನ್ನುತ್ತದೆ.

ಕಟ್ಟುವಾಗ ಭತ್ತದ ಹುಲ್ಲು ಬಳಸುವುದಿಲ್ಲ. ನೋಡಲು ಹಳ್ಳಿಯ ಕಳೆ ಬರುತ್ತದೆ, ನಿಜ, ಆದರೆ ಹುಲ್ಲಿನ ಜೊತೆ ಹುಳವೂ ಹೋಗುತ್ತದೆ, ಒರಟು ತುದಿ ಎಳೆಗಳನ್ನು ಗೀರುತ್ತದೆ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಬುಟ್ಟಿ ಸುತ್ತಿ, ಒಳಗೆ ಹೊರಗೆ ಪೇಪರ್ ಉಂಡೆ ತುರುಕಿ, ಅಲುಗದಂತೆ ಪೆಟ್ಟಿಗೆಗೆ ಇಳಿಸುತ್ತೇವೆ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಕೂರುತ್ತದೆ. ಪೆಟ್ಟಿಗೆ ಕಟ್ಟಿ, ಸೊಂಟದ ಎತ್ತರದಿಂದ ಒಮ್ಮೆ ಬೀಳಿಸಿ, ಬಿಚ್ಚಿ ನೋಡುವುದು ನಮ್ಮ ಪರೀಕ್ಷೆ. ಪ್ರತಿ ಬುಟ್ಟಿಗೂ ಅಲ್ಲ, ಹೊಸ ಅಳತೆಯ ಪೆಟ್ಟಿಗೆ ಬಂದಾಗ.

ಬುಟ್ಟಿಯ ಜೊತೆ ಒಂದು ಸಣ್ಣ ಪೊಟ್ಟಣ ಇಡುತ್ತೇವೆ. ಅದರಲ್ಲಿ ಸೋಸಿ ಒಣಗಿಸಿದ ಕೆಮ್ಮಣ್ಣು, ಒಂದು ಮುಷ್ಟಿ ಅಕ್ಕಿ, ಒಂದು ಕಟ್ಟು ಪುಂಡಿನಾರು. ಜೊತೆಗೆ ಚೀಟಿ: ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬಟ್ಟೆಯಲ್ಲಿ ಕೊಡವಿ. ಎಳೆ ಉದುರಿದ ಕಡೆ ಅಕ್ಕಿ ನೆನೆಸಿ ರುಬ್ಬಿ, ಸ್ವಲ್ಪ ಗಂಜಿ ಮಾಡಿ ಬೆರೆಸಿ, ನಾರಿನಿಂದ ನೀವೇ ಎಳೆಯಿರಿ. ಪೂರ್ತಿ ಹಾಳಾದರೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯಿರಿ. ಕೊಂಡವರಲ್ಲಿ ಒಬ್ಬರು ಮಗನ ಕೈಯಲ್ಲಿ ಬರೆಸಿ ಫೋಟೋ ಕಳಿಸಿದ್ದರು. ಎಳೆ ಸೊಟ್ಟ, ಹಕ್ಕಿಗೆ ಮೂರು ಕಾಲು. ಅತ್ತೆ ಆ ಫೋಟೋವನ್ನು ಬಂದವರಿಗೆಲ್ಲ ತೋರಿಸುತ್ತಾರೆ.

ಲೆಕ್ಕ

ಬೆಲೆಯಲ್ಲಿ ಮೊದಲು ಹೋಗುವುದು ಮೇದಾರರಿಗೆ, ಅವರು ಹೇಳಿದಷ್ಟು. ಆಮೇಲೆ ಬರೆದವರ ಕೂಲಿ. ಸಹಾಯದ ಕೆಲಸ ಅಂತ ಕೂಲಿ ಬಿಟ್ಟುಕೊಡಿ ಎಂದು ಯಾರಿಗೂ ಹೇಳುವುದಿಲ್ಲ. ಬೇಡ ಅಂದವರ ಪಾಲು ನಿಧಿಗೆ ಸೇರುತ್ತದೆ, ಬೇಕು ಅಂದವರಿಗೆ ಪೂರ್ತಿ ಕೈಗೆ. ಕಷ್ಟದಲ್ಲಿರುವ ಹೆಂಗಸಿನ ಕೂಲಿ ಹಿಡಿದು ಇನ್ನೊಬ್ಬರ ಕಷ್ಟಕ್ಕೆ ಕೊಡುವುದು ನನಗೆ ಅರ್ಥವಾಗದ ದಾನ. ಪೆಟ್ಟಿಗೆ, ಅಂಚೆ ಖರ್ಚು ಕಳೆದು ಉಳಿದದ್ದು ಪ್ರಯಾಣಕ್ಕೆ. ಯಾರಿಗೆ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಹೆಸರು ಹೊರಗೆ ಹೇಳುವುದಿಲ್ಲ, ಒಟ್ಟು ಮೊತ್ತವನ್ನು ಕೊಂಡವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಬುಟ್ಟಿ ಹಿಡಿದ ರೋಗಿಯ ಫೋಟೋ ಹಾಕಿದರೆ ಜಾಸ್ತಿ ಮಾರಾಟ ಆಗುತ್ತದೆ ಅಂತ ಒಬ್ಬರು ಹೇಳಿದರು. ಆಗುತ್ತಿತ್ತೇನೋ. ಹಾಕಲಿಲ್ಲ.

ಈ ಸಲ ಕೊರತೆ ಬಿದ್ದದ್ದು ಪುಂಡಿನಾರು. ಪೊಟ್ಟಣಕ್ಕೂ ಹಾಕತೊಡಗಿದ ಮೇಲೆ ಮನೆಯ ದಾಸ್ತಾನು ಖಾಲಿ. ಬೇಲಿ ಬದಿಗೆ ಬೀಜ ಹಾಕಿದ್ದೇವೆ, ಗಿಡ ಎದ್ದಿದೆ. ಹೂ ಬರುವ ಹೊತ್ತಿಗೆ ಕೊಯ್ದು, ಕೊಳೆಹಾಕಿ, ನಾರು ತೆಗೆಯಬೇಕು. ಅದಕ್ಕೂ ಮೊದಲು ಹಬ್ಬದ ಬುಟ್ಟಿ ಇದೆ. ಹಾಗಾಗಿ ಮಾರುವ ಬುಟ್ಟಿಗೆ ಹೊಸ ಆರ್ಡರ್ ಇನ್ನು ಶಿವರಾತ್ರಿ ಕಳೆದ ಮೇಲೆಯೇ.